ಕರೆಂಟು ಇಲ್ಲದ್ದು ತಂತ್ರಜ್ಞಾನವಲ್ಲವೇ? ನಮ್ಮ ಶಾಲೆಯ ಚಿಕ್ಕ ಮಕ್ಕಳು ಹೇಳುತ್ತಿರುವುದು

ಕಾಗಿಣಾ ದಂಡೆ, ಚಿತ್ತಾಪುರ

ಎಲ್ಲರಿಗೂ ಶರಣು. ನಾನು ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಗೆ ಕಲಿಸುತ್ತೇನೆ. ಈಚೆಗೆ ತರಗತಿಯಲ್ಲಿ ಕಂಡ ಒಂದು ಸಂಗತಿಯನ್ನು ಇಲ್ಲಿರುವ ಶಿಕ್ಷಕರು, ತಂದೆತಾಯಂದಿರು, ಕಸುಬು ಬಲ್ಲವರು ಎಲ್ಲರ ಮುಂದೆಯೂ ಇಡಬೇಕೆನಿಸಿದೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಪರಿಸರ ಅಧ್ಯಯನದ ಪಾಠದ ನಡುವೆ ಮಕ್ಕಳನ್ನು ಗುಂಪು ಗುಂಪಾಗಿ ಕೂರಿಸಿ ಒಂದಿಷ್ಟು ಚಿತ್ರಗಳನ್ನು ಹರಡಿದೆ. ಮೊಬೈಲ್, ಟಿವಿ, ಟ್ರ್ಯಾಕ್ಟರ್, ಬೀಜ ಬಿತ್ತುವ ಕೂರಿಗೆ, ಕೈಪಂಪು, ಚಪ್ಪಲಿ, ಬೀಸುವ ಕಲ್ಲು, ಶಹಾಬಾದ್ ಕಲ್ಲಿನ ಗೋಡೆ, ಗಾಯಕ್ಕೆ ಕಟ್ಟುವ ಪಟ್ಟಿ, ಪೆನ್ಸಿಲ್, ಬೇವಿನ ಮರ, ಎತ್ತು, ಮಿಂಚು. "ಇವುಗಳಲ್ಲಿ ತಂತ್ರಜ್ಞಾನ ಯಾವುದು, ಆರಿಸಿ ಬೇರೆ ಇಡಿ" ಎಂದೆ.

ಮೊಬೈಲ್, ಟಿವಿ, ಟ್ರ್ಯಾಕ್ಟರ್ ಕಣ್ಣುಮುಚ್ಚಿ ಬಿಡುವುದರೊಳಗೆ ಒಂದು ಕಡೆ ಸೇರಿದವು. ಮಿಂಚು ಕೂಡ ಅವುಗಳ ಜೊತೆಗೇ ಹೋಯಿತು. "ಅದರಲ್ಲಿ ಕರೆಂಟ್ ಇದೆ ಟೀಚರ್!" ಕೂರಿಗೆ, ಕೈಪಂಪು, ಬೀಸುವ ಕಲ್ಲು, ಚಪ್ಪಲಿ, ಪೆನ್ಸಿಲ್ ಎಲ್ಲವೂ ಬೇವಿನ ಮರ ಮತ್ತು ಎತ್ತಿನ ಪಕ್ಕಕ್ಕೆ ಬಿದ್ದವು. ಏಕೆ ಎಂದು ಒಂದೊಂದೇ ಕೇಳುತ್ತ ಹೋದೆ. ಕರೆಂಟ್ ಇಲ್ಲ, ಬಟನ್ ಇಲ್ಲ, ಅದು ಹಳೆಯದು. ಕೊನೆಗೆ ಒಬ್ಬಳು ಹುಡುಗಿ ಬೀಸುವ ಕಲ್ಲಿನ ಚಿತ್ರ ಎತ್ತಿ ಹಿಡಿದು, "ಇದು ನಮ್ಮ ಮನೆಯಲ್ಲಿಯೇ ಇದೆಯಲ್ಲ ಟೀಚರ್, ಇದು ಹೇಗೆ ತಂತ್ರಜ್ಞಾನವಾಗುತ್ತದೆ?" ಎಂದಳು.

ಕರೆಂಟಿನ ಮಾತು ನಾನು ನಿರೀಕ್ಷಿಸಿದ್ದೇ. ಈ ಚಟುವಟಿಕೆಯ ಮೂಲ ಅಮೆರಿಕದ ಬೋಸ್ಟನ್ ನಗರದ ವಿಜ್ಞಾನ ವಸ್ತುಸಂಗ್ರಹಾಲಯದವರು 2005ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿಯ ಪ್ರಾಥಮಿಕ ಶಾಲೆಯ ಮಕ್ಕಳೂ ವಿದ್ಯುತ್ತಿನಿಂದ ನಡೆಯುವ ವಸ್ತುಗಳನ್ನೇ ಮುಖ್ಯವಾಗಿ ಆರಿಸಿದ್ದರು; ಲೋಟ, ಬೂಟು, ಗಾಯದ ಪಟ್ಟಿ ಹಿಂದೆ ಉಳಿದಿದ್ದವು. ದೊಡ್ಡವರು ಮಾತ್ರ ಬೇರೆಯೇ? ಅದೇ ದೇಶದಲ್ಲಿ 2001ರಲ್ಲಿ ಮತ್ತು 2004ರಲ್ಲಿ ಗ್ಯಾಲಪ್ ಸಂಸ್ಥೆಯವರು ವಯಸ್ಕರನ್ನು ಕೇಳಿದಾಗ ಮೂವರಲ್ಲಿ ಇಬ್ಬರ ಬಾಯಲ್ಲಿ ಮೊದಲು ಬಂದದ್ದು ಕಂಪ್ಯೂಟರ್.

ಆದರೆ "ನಮ್ಮ ಮನೆಯಲ್ಲಿಯೇ ಇದೆಯಲ್ಲ" ಎಂಬ ಕಾರಣ ನನ್ನನ್ನು ಬಿಡುತ್ತಿಲ್ಲ. ತಂತ್ರಜ್ಞಾನ ಎಂದರೆ ಎಲ್ಲಿಂದಲೋ ಬರುವಂಥದ್ದು, ಯಾರೋ ದೊಡ್ಡವರು ಮಾಡುವಂಥದ್ದು. ಅವ್ವ ಬಳಸುವುದು, ಅಜ್ಜ ಕಟ್ಟಿದ್ದು, ಊರ ಬಡಿಗ, ಕಂಬಾರ ಮಾಡಿಕೊಟ್ಟದ್ದು ಲೆಕ್ಕಕ್ಕಿಲ್ಲ. ಒಂಬತ್ತು ವರ್ಷದ ಮಗು ಈ ತೀರ್ಮಾನಕ್ಕೆ ಬಂದುಬಿಟ್ಟಿದೆ. ಹಾಗಾದರೆ ಅದು ದೊಡ್ಡದಾದ ಮೇಲೆ ತಾನೂ ಏನಾದರೂ ಹೊಸದನ್ನು ಮಾಡಬಲ್ಲೆ ಎಂದು ನಂಬುವುದು ಹೇಗೆ? ನಿಮ್ಮ ನಿಮ್ಮ ಮಕ್ಕಳು ಏನು ಹೇಳುತ್ತಾರೆ, ನೀವು ಏನು ಮಾಡಿದ್ದೀರಿ, ತಿಳಿಸಿ.


ನಿವೃತ್ತ ಗುರು, ಆಳಂದ

ತಂಗಿ, ನಿನ್ನ ಪ್ರಶ್ನೆ ಓದಿ ಸಂತೋಷವಾಯಿತು. ಮಕ್ಕಳ ಉತ್ತರ ತಪ್ಪೋ ಸರಿಯೋ ಎನ್ನುವುದಕ್ಕೆ ಮೊದಲು ಯಾವ ವಯಸ್ಸಿನ ಮಗು ಹೇಳುತ್ತಿದೆ ಎಂಬುದನ್ನು ನೋಡಬೇಕು. ಒಂದನೇ ತರಗತಿಯ ಮಗುವಿಗೆ ತಾನಾಗಿ ಚಲಿಸುವುದೆಲ್ಲ ಜೀವಂತ. ಮೋಡ ನಡೆಯುತ್ತದೆ, ಬಸ್ಸು ಕೋಪದಿಂದ ಕೂಗುತ್ತದೆ, ಫ್ಯಾನಿಗೆ ಸುಸ್ತಾಗುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಸುಮಾರು ನೂರು ವರ್ಷದ ಹಿಂದೆ ಜಿನೀವಾದ ಮಕ್ಕಳನ್ನು ಮಾತಾಡಿಸಿ ಇದನ್ನು ದಾಖಲಿಸಿದ್ದಾರೆ. ಅವರು ಮಕ್ಕಳಿಗೆ ಸೈಕಲ್ಲಿನ ಚಿತ್ರ ಬರೆಯಿರಿ, ಅದು ಹೇಗೆ ಓಡುತ್ತದೆ ಹೇಳಿ ಎಂದೂ ಕೇಳಿದ್ದರು. ಚಿಕ್ಕವರ ಚಿತ್ರದಲ್ಲಿ ಗಾಲಿ ಒಂದು ಕಡೆ, ಪೆಡಲ್ ಒಂದು ಕಡೆ, ಚೈನ್ ಗಾಳಿಯಲ್ಲಿ. ಎಂಟು ವರ್ಷದ ಆಸುಪಾಸಿಗೆ ಬಂದ ಮೇಲೆ ಪೆಡಲ್ ಹಲ್ಲುಚಕ್ರವನ್ನು ತಿರುಗಿಸುತ್ತದೆ, ಅದು ಚೈನನ್ನು ಎಳೆಯುತ್ತದೆ, ಚೈನು ಹಿಂದಿನ ಗಾಲಿಯನ್ನು ತಿರುಗಿಸುತ್ತದೆ ಎಂದು ಕೊಂಡಿ ಜೋಡಿಸತೊಡಗುತ್ತಾರೆ.

ನಾನು ಸೇವೆಯಲ್ಲಿದ್ದಾಗ ಇದನ್ನು ನಮ್ಮ ಮಕ್ಕಳಿಗೂ ಮಾಡಿಸುತ್ತಿದ್ದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಮನೆಯಲ್ಲಿ ಅಕ್ಕನ ಸೈಕಲ್ ಇರುವ ಚಿಕ್ಕ ಮಕ್ಕಳ ಚಿತ್ರಗಳೇ ಬೇರೆಯಾದವು. ಚೈನು ಕಳಚಿದಾಗ ಕೈಗೆ ಗ್ರೀಸ್ ಮೆತ್ತಿಕೊಂಡು ಕೂರಿಸಿದ ಮಗು ಅದನ್ನು ಸರಿಯಾದ ಜಾಗದಲ್ಲಿಯೇ ಬರೆಯುತ್ತದೆ. ಬರಿದೆ ನೋಡಿದ ಮಗು, ಅದು ಎಷ್ಟೇ ಜಾಣ ಇರಲಿ, ಎರಡೂ ಗಾಲಿಗೆ ಚೈನು ಸುತ್ತಿಬಿಡುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟೇ. "ತಂತ್ರಜ್ಞಾನ ಯಾವುದು" ಎಂಬ ಪ್ರಶ್ನೆಯನ್ನು ಸದ್ಯ ಬದಿಗಿಡು. ವಿಂಗಡಿಸಲು ಹೇಳಿದರೆ ಮಕ್ಕಳು ದೊಡ್ಡವರ ಬಾಯಿಂದ ಕೇಳಿದ್ದನ್ನೇ ಮರಳಿಸುತ್ತಾರೆ. "ಇದನ್ನು ಯಾರು ಮಾಡಿದರು, ಏಕೆ ಮಾಡಿದರು, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ" ಎಂದು ಕೇಳಿ ನೋಡು. ಮಾತು ಬೇರೆ ದಾರಿ ಹಿಡಿಯುತ್ತದೆ.


ಶಹಾಪುರದ ತಾಯಿ

ನಾನು ಶಿಕ್ಷಕಿಯಲ್ಲ, ಆದರೂ ಬರೆಯುತ್ತಿದ್ದೇನೆ. ನನ್ನ ಮಗಳು ಒಂದನೇ ತರಗತಿ. ಮೊಬೈಲಿಗೆ ಕನ್ನಡದಲ್ಲಿ ಏನಾದರೂ ಕೇಳಿದರೆ ಅದು ಉತ್ತರ ಕೊಡುತ್ತದಲ್ಲ, ಅದು ಒಬ್ಬ ಅಕ್ಕ ಎಂದೇ ಅವಳ ನಂಬಿಕೆ. ರಾತ್ರಿ ಹತ್ತಕ್ಕೆ ಏನೋ ಕೇಳಲು ಹೋದಾಗ ತಾನೇ ಹಿಂಜರಿದು "ಅಕ್ಕ ಮಲಗಿರಬೇಕು, ನಾಳೆ ಕೇಳೋಣ" ಎಂದಳು. ಆ ಅಕ್ಕನಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ನಾನು ಕೇಳಿದೆ. "ಅವಳು ಬಹಳ ಶಾಲೆ ಕಲಿತಿದ್ದಾಳೆ" ಎಂದಳು. ಅವಳ ಅಣ್ಣ ಆರನೇ ತರಗತಿ. ಅವನು "ಒಳಗೆ ಯಾರೂ ಇಲ್ಲ, ಟವರಿನಿಂದ ಬರುತ್ತದೆ" ಎಂದ. ಹಾಗಾದರೆ ಟವರಿನಲ್ಲಿ ಯಾರು ಕುಳಿತಿದ್ದಾರೆ ಎಂದು ತಂಗಿ ಕೇಳಿದ್ದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ನನ್ನ ಬಳಿಯೂ ಇರಲಿಲ್ಲ.

ಇನ್ನೊಂದು ಮಾತು. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠ ಚಂದನ ವಾಹಿನಿಯಲ್ಲಿ ಬರುತ್ತಿತ್ತು, ಆಮೇಲೆ ವಿದ್ಯಾಗಮ ಎಂದು ಗುಡಿಯ ಕಟ್ಟೆಯ ಮೇಲೆ ಶಿಕ್ಷಕರೇ ಬಂದು ಕಲಿಸಿದರು. ಆಗ ನಮ್ಮ ಓಣಿಯ ಬಹಳಷ್ಟು ಮನೆಗಳಲ್ಲಿ ಇದ್ದದ್ದು ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಅಪ್ಪ ಹೊಲಕ್ಕೆ ಹೋದರೆ ಫೋನೂ ಹೊಲಕ್ಕೆ. ನನ್ನ ಮಗ ಆಗ ಚಿಕ್ಕವನು. ಅವನ ಪಾಲಿಗೆ ಮೊಬೈಲ್ ಎಂದರೆ ಗಂಡಸರ ವಸ್ತು, ಸಂಜೆ ಏಳಕ್ಕೆ ಮನೆಗೆ ಬರುವ ವಸ್ತು. ಈಗಲೂ ನಾನು ಫೋನಿನಲ್ಲಿ ಹಣ ಕಳಿಸಿದರೆ "ಅವ್ವ, ನಿನಗೆ ಇದು ಬರುತ್ತದೆಯೇ" ಎಂದು ಆಶ್ಚರ್ಯ ಪಡುತ್ತಾನೆ. ಯಾರ ಕೈಯಲ್ಲಿ ಏನಿದೆ ಎಂಬುದನ್ನು ನೋಡಿಯೇ ಮಕ್ಕಳು ಕಲಿಯುತ್ತಾರೆ. ಬೀಸುವ ಕಲ್ಲು ಅವ್ವನ ಕೈಯಲ್ಲಿದ್ದ ಕಾರಣಕ್ಕೇ ಆ ಹುಡುಗಿ ಅದನ್ನು ಹೊರಗಿಟ್ಟಿರಬೇಕು ಎಂದು ನನಗನಿಸುತ್ತದೆ.


ನೌಬಾದ್ ನಿವಾಸಿ, ಬೀದರ್

ಶಹಾಪುರದ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮದು ಬಿದರಿ ಕೆಲಸದ ಮನೆ. ನಮ್ಮ ಅಣ್ಣನ ಮಗನಿಗೆ ಶಾಲೆಯಲ್ಲಿ "ನಿಮ್ಮ ಸುತ್ತಲಿನ ತಂತ್ರಜ್ಞಾನ" ಎಂದು ಬರೆದುಕೊಂಡು ಬರಲು ಹೇಳಿದ್ದರು. ಫ್ರಿಜ್, ಇನ್ವರ್ಟರ್, ಸಿಸಿ ಕ್ಯಾಮೆರಾ ಎಂದು ಪಟ್ಟಿ ಮಾಡಿದ. ಎದುರಿನಲ್ಲಿಯೇ ಅವನ ಅಪ್ಪ ಹೂಜಿಗೆ ಬೆಳ್ಳಿ ತಂತಿ ಕೂರಿಸುತ್ತ ಕುಳಿತಿದ್ದರು. ಇದನ್ನು ಏಕೆ ಬರೆಯಲಿಲ್ಲ ಎಂದರೆ "ಅದು ಕೈಕೆಲಸ ಕಾಕಾ" ಎಂದ.

ಆ ಕೈಕೆಲಸ ಏನು ಎಂದು ಸ್ವಲ್ಪ ಹೇಳುತ್ತೇನೆ. ಬಹುಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ ಅಚ್ಚಿಗೆ ಸುರಿಯುತ್ತಾರೆ. ಎರಕ ಉಜ್ಜಿ ನಯ ಮಾಡಿದ ಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಉಳಿಯ ಗೆರೆ ಕಣ್ಣಿಗೆ ಕಾಣಲಿ ಎಂದು. ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಿ ಮತ್ತೆ ಉಜ್ಜಿದರೆ ಆ ಕಪ್ಪೆಲ್ಲ ಹೋಗಿ ಬೆಳ್ಳಿ ಯಾವುದು ಸತು ಯಾವುದು ತಿಳಿಯದ ಹಾಗೆ ಒಂದೇ ಬಣ್ಣ. ಕೊನೆಯಲ್ಲಿ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಮತ್ತು ನೀರು ಬೆರೆಸಿ ಬಿಸಿಯಾದ ಪಾತ್ರೆಗೆ ಹಚ್ಚುತ್ತಾರೆ. ಮಿಶ್ರಲೋಹ ಮಾತ್ರ ಕಾಡಿಗೆಯ ಹಾಗೆ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ನಮ್ಮ ಅಣ್ಣ ಮಣ್ಣನ್ನು ಆರಿಸುವಾಗ ಒಂದು ಚಿಟಿಕೆ ನಾಲಿಗೆಯ ಮೇಲೆ ಇಟ್ಟುಕೊಂಡು ನೋಡುತ್ತಾರೆ. ಯಾವ ಮೂಲೆಯ ಮಣ್ಣು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಅವರಿಗೆ ರುಚಿಯಲ್ಲಿಯೇ ಗೊತ್ತಾಗುತ್ತದೆ. ಲೋಹಶಾಸ್ತ್ರ, ರಸಾಯನಶಾಸ್ತ್ರ ಎರಡೂ ಇರುವ ಈ ಕೆಲಸವನ್ನು ಅದೇ ಮನೆಯ ಹುಡುಗ ಪಟ್ಟಿಯಿಂದ ಬಿಟ್ಟ.

ನೌಬಾದಿನ ಕರೇಜಿನ ವಿಷಯವೂ ಹಾಗೆಯೇ. ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ನೆಲದೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿ ತೆಗೆದು, ಅಂತರ್ಜಲವನ್ನು ಬರೀ ಇಳಿಜಾರಿನ ಬಲದಿಂದ ಹರಿಸಿದ್ದಾರೆ. ಪಂಪಿಲ್ಲ, ಎಣ್ಣೆಯಿಲ್ಲ. ಇಳಿಜಾರು ಹೆಚ್ಚಾದರೆ ಸುರಂಗ ಕೊಚ್ಚುತ್ತದೆ, ಕಡಿಮೆಯಾದರೆ ನೀರು ನಿಲ್ಲುತ್ತದೆ. ಪ್ರವಾಸಕ್ಕೆ ಬರುವ ಶಾಲಾ ಮಕ್ಕಳಿಗೆ ಅಲ್ಲಿ ಹೇಳುವುದು ಯಾವ ಸುಲ್ತಾನ, ಯಾವ ಇಸವಿ ಎಂದು ಮಾತ್ರ. ಕತ್ತಲೆಯಲ್ಲಿ ಇಳಿಜಾರು ಹೇಗೆ ಅಳೆದರು ಎಂದು ಒಂದು ಮಗುವಾದರೂ ಕೇಳುವಂತೆ ಮಾಡಿದರೆ ಆ ಪ್ರವಾಸ ಸಾರ್ಥಕ.


ಜೇವರ್ಗಿ ಹುಡುಗ

ಎಲ್ಲರ ಬರಹ ಓದಿದೆ. ಗೌರವದಿಂದಲೇ ಹೇಳುತ್ತೇನೆ, ನನಗೆ ಈ ಮಾತಿನ ದಿಕ್ಕು ಒಪ್ಪಿಗೆಯಿಲ್ಲ.

ನಾನು ಜೇವರ್ಗಿ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್ ಮಾಡಿದವನು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕಾಲೇಜಿಗೆ ಸೇರಿದಾಗ ನನಗೆ ಕೀಬೋರ್ಡಿನ ಮೇಲೆ ಎರಡು ಬೆರಳು ಮಾತ್ರ ಓಡುತ್ತಿದ್ದವು. ಪಕ್ಕದಲ್ಲಿ ಕುಳಿತವರು ಮೂರನೇ ತರಗತಿಯಿಂದ ಕಂಪ್ಯೂಟರ್ ಮುಟ್ಟಿದವರು. ಆ ಅಂತರ ಮುಚ್ಚಲು ನಾನು ಪಟ್ಟ ಪಾಡು ನನಗೆ ಗೊತ್ತು. ಈಗ ನೀವು ನಮ್ಮ ಹಳ್ಳಿಯ ಮಕ್ಕಳಿಗೆ "ಕೂರಿಗೆಯೂ ತಂತ್ರಜ್ಞಾನ, ಬೀಸುವ ಕಲ್ಲೂ ತಂತ್ರಜ್ಞಾನ" ಎಂದು ಹೇಳಿಕೊಟ್ಟರೆ, ಕಂಪ್ಯೂಟರ್ ಕೊಡಬೇಕಾದವರು ನೆಮ್ಮದಿಯಾಗಿ ಕೈತೊಳೆದುಕೊಳ್ಳುತ್ತಾರೆ. ನಗರದ ಮಗುವಿಗೆ ರೋಬೋಟ್ ಕಿಟ್, ನಮ್ಮ ಮಗುವಿಗೆ ಬೀಸುವ ಕಲ್ಲಿನ ಹಿರಿಮೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದೇ ಈ ಭಾಗಕ್ಕೆ ಸಿಗಬೇಕಾದದ್ದು ಸಿಗಲಿಲ್ಲ ಎಂದಲ್ಲವೇ? ಮಕ್ಕಳಿಗೆ ಕರೆಂಟಿನ ವಸ್ತುವೇ ತಂತ್ರಜ್ಞಾನವಾಗಿ ಕಾಣುತ್ತಿದ್ದರೆ, ಅದು ಅವರಿಗೆ ಬೇಕಿದೆ, ಸಿಕ್ಕಿಲ್ಲ ಎಂದು ಅರ್ಥ. ಆ ಹಸಿವನ್ನು ಮೊದಲು ತೀರಿಸಿ.


ಪಾಲಿಟೆಕ್ನಿಕ್ ಮೇಷ್ಟ್ರು, ಕಲಬುರಗಿ

ಜೇವರ್ಗಿಯ ತಮ್ಮನ ಸಿಟ್ಟು ನ್ಯಾಯವಾದದ್ದು. ಕಂಪ್ಯೂಟರ್ ಬೇಕೇ ಬೇಕು, ಅದರಲ್ಲಿ ಎರಡನೇ ಮಾತಿಲ್ಲ. ಆದರೆ ನಾನು ಡಿಪ್ಲೊಮಾ ಮೆಕ್ಯಾನಿಕಲ್ ವಿದ್ಯಾರ್ಥಿಗಳನ್ನು ದಿನವೂ ನೋಡುವವನು. ಹೊಸ ಫೋನಿನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಥಟ್ಟನೆ ಹೇಳುವವರು, ಮನೆಯ ಮುಂದಿನ ನಲ್ಲಿಯ ವಾಷರ್ ಏನು ಕೆಲಸ ಮಾಡುತ್ತದೆ ಎಂದರೆ ಸುಮ್ಮನಾಗುತ್ತಾರೆ. ವಸ್ತುವನ್ನು ಬಳಸುವುದು ಬಂದಿದೆ, ಅದನ್ನು ಬಿಚ್ಚಿ ನೋಡುವ ಧೈರ್ಯ ಬಂದಿಲ್ಲ. ಆ ಧೈರ್ಯ ಪ್ರಾಥಮಿಕ ಶಾಲೆಯಲ್ಲಿ ಬಾರದಿದ್ದರೆ ನಮ್ಮ ಕೈಗೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಈ ದಿಕ್ಕಿನಲ್ಲಿ ಬಹಳ ಕೆಲಸ ಮಾಡಿದ್ದಾರೆ. ಮಾಧ್ಯಮಿಕ ಹಂತದ ಮಕ್ಕಳಿಂದ ಚೀಲ, ಗಾಳಿಯಂತ್ರದ ಮಾದರಿ, ಗೊಂಬೆಯಾಟದ ಗೊಂಬೆ ಮಾಡಿಸಿದರು. ಮೊದಲು ಚಿತ್ರ, ಆಮೇಲೆ ಅಳತೆ, ಆಮೇಲೆ ತಯಾರಿ. ನಗರದ ಇಂಗ್ಲಿಷ್ ಮಾಧ್ಯಮ, ಮರಾಠಿ ಮಾಧ್ಯಮ, ಬುಡಕಟ್ಟು ಮಕ್ಕಳ ಶಾಲೆ ಎಲ್ಲ ಕಡೆಯೂ ಮಾಡಿದರು. ಏನಾದರೂ ಮಾಡಿ ಮುಗಿಸಿದ ಮಗುವಿಗೆ ತಂತ್ರಜ್ಞಾನದ ವ್ಯಾಖ್ಯೆ ಕಂಠಪಾಠ ಮಾಡಿಸಬೇಕಾಗಿಲ್ಲ.


ಕಾಗಿಣಾ ದಂಡೆ, ಚಿತ್ತಾಪುರ

ಮೊದಲು ಆಳಂದದ ಗುರುಗಳಿಗೆ ನಮಸ್ಕಾರ. ನೀವು ಹೇಳಿದಂತೆಯೇ ವಿಂಗಡಿಸುವುದನ್ನು ಬಿಟ್ಟು "ಯಾರು ಮಾಡಿದರು, ಏಕೆ, ಕೆಟ್ಟರೆ ಯಾರು" ಎಂಬ ಪ್ರಶ್ನೆ ಹಿಡಿದೆ. ಆ ವಾರವೇ ಶಾಲೆಯ ಅಂಗಳದ ಕೈಪಂಪು ಕೆಟ್ಟು ನಿಂತಿತ್ತು, ರಿಪೇರಿಗೆ ಮೆಕ್ಯಾನಿಕ್ ಬಂದರು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಸುತ್ತ ನಿಲ್ಲಿಸಿದೆ.

ಅವರು ಮೇಲಿನ ಪೆಟ್ಟಿಗೆಯ ಒಂದು ಬೋಲ್ಟ್ ಬಿಚ್ಚಿ ಮುಚ್ಚಳ ಸರಿಸಿದರು. ಮಕ್ಕಳು ಮುಗಿಬಿದ್ದು ನೋಡಿದರು. ಒಳಗೆ ಏನಿತ್ತು ಎಂದುಕೊಂಡಿರಿ? ಚೈನು! "ಟೀಚರ್, ಸೈಕಲ್ ಚೈನು!" ಎಂದು ಕೂಗಿದರು. ಹಿಡಿಕೆಯ ಒಳತುದಿಯಲ್ಲಿ ಚಂದ್ರನ ತುಂಡಿನಂತೆ ಬಾಗಿದ ಕಬ್ಬಿಣ, ಅದರ ಮೇಲೆ ಒರಗಿಕೊಂಡ ಗಿಡ್ಡ ಚೈನು, ಚೈನಿನ ತುದಿಗೆ ನೆಲದೊಳಕ್ಕೆ ಇಳಿದು ಹೋಗುವ ಸರಳು. ಮೆಕ್ಯಾನಿಕ್ ಅಣ್ಣ ಹಿಡಿಕೆಯನ್ನು ನಿಧಾನವಾಗಿ ಒತ್ತಿ ತೋರಿಸಿದರು. ಹಿಡಿಕೆ ಅರ್ಧ ಸುತ್ತಿನ ದಾರಿಯಲ್ಲಿ ಬಾಗಿ ಬರುತ್ತದೆ, ಸರಳು ಮಾತ್ರ ನೂಲು ಹಿಡಿದಂತೆ ನೆಟ್ಟಗೆ ಮೇಲೇಳುತ್ತದೆ. "ಚೈನ್ ಇಲ್ಲದೆ ಸರಳನ್ನು ನೇರವಾಗಿ ಹಿಡಿಕೆಗೆ ಕಟ್ಟಿದ್ದರೆ ಏನಾಗುತ್ತಿತ್ತು?" ಎಂದು ಅವರೇ ಕೇಳಿದರು. ಯಾರೂ ಮಾತಾಡಲಿಲ್ಲ. ಐದನೇ ತರಗತಿಯ ಒಬ್ಬ ಹುಡುಗ ತನ್ನ ಮೊಣಕೈಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ ನೋಡಿಕೊಂಡು, "ಸರಳು ಪಕ್ಕಕ್ಕೆ ಎಳೆದು ಎಳೆದು ಕೊಳವೆಗೆ ತಿಕ್ಕಿ ಸವೆಯುತ್ತಿತ್ತು" ಎಂದ. ಅಣ್ಣ ಅವನ ಬೆನ್ನು ತಟ್ಟಿದರು.

ಆಮೇಲೆ ಕೊಳವೆಗಳನ್ನೂ ಸರಳುಗಳನ್ನೂ ಒಂದೊಂದಾಗಿ ಮೇಲೆತ್ತಿ, ತಳದ ಸವೆದ ವಾಷರ್ ತೆಗೆದು ಮಕ್ಕಳ ಕೈಗೇ ಕೊಟ್ಟರು. ಹೊಸದನ್ನೂ ಕೊಟ್ಟರು. ಅಂಚು ಮುಟ್ಟಿ ನೋಡಿ ಎರಡರ ಭೇದ ಹೇಳಿದರು ಮಕ್ಕಳು. ಇಷ್ಟು ಚಿಕ್ಕ ತುಂಡು ಸವೆದರೆ ಇಡೀ ಊರಿಗೆ ನೀರಿಲ್ಲ ಎಂಬುದು ಅವರಿಗೆ ಬಹಳ ದೊಡ್ಡ ಸುದ್ದಿಯಾಗಿತ್ತು.

ಜೇವರ್ಗಿ ತಮ್ಮಾ, ನಿನ್ನ ಮಾತಿಗೆ ಉತ್ತರ ಕೊಡುತ್ತಿದ್ದೇನೆ. ಕಂಪ್ಯೂಟರಿನ ಬದಲು ಕೈಪಂಪು ತೋರಿಸಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಶಾಲೆಗೆ ಕಂಪ್ಯೂಟರ್ ಬೇಕೆಂದು ಅರ್ಜಿ ಬರೆದವಳೂ ನಾನೇ, ಮತ್ತೆ ಬರೆಯುವವಳೂ ನಾನೇ. ಆದರೆ ಪೆಟ್ಟಿಗೆಯೊಳಗೆ ಏನಿದೆ ಎಂದು ಇಣುಕುವ ಚಟ ಮೊದಲು ಹತ್ತಬೇಕು. ಅದು ಹತ್ತದ ಮಗುವಿಗೆ ಕಂಪ್ಯೂಟರ್ ಕೊಟ್ಟರೂ ಅದು ಇನ್ನೊಂದು ಟಿವಿಯಾಗುತ್ತದೆ.


ಪಾಲಿಟೆಕ್ನಿಕ್ ಮೇಷ್ಟ್ರು, ಕಲಬುರಗಿ

ಮೇಡಂ, ನೀವು ತೋರಿಸಿದ ಆ ಪಂಪಿನ ಹೆಸರು ಇಂಡಿಯಾ ಮಾರ್ಕ್ 2. ಅದರ ಕಥೆಯನ್ನು ಮಕ್ಕಳಿಗೆ ದಯವಿಟ್ಟು ಹೇಳಿ, ಏಕೆಂದರೆ ಅದು ನಮ್ಮ ಪಕ್ಕದ ಊರಿನ ಕಥೆ.

1960ರ ದಶಕದ ಕೊನೆಯ ಬರಗಾಲದಲ್ಲಿ ಯುನಿಸೆಫ್ ನೆರವಿನಿಂದ ಗಟ್ಟಿ ಕಲ್ಲುನೆಲದಲ್ಲಿ ಕೊಳವೆಬಾವಿ ಕೊರೆಯುವ ಕೆಲಸ ಆರಂಭವಾಯಿತು. ಬಾವಿಗಳೇನೋ ಆದವು, ಅವುಗಳ ಮೇಲೆ ಕೂರಿಸಿದ ಎರಕದ ಕಬ್ಬಿಣದ ಪಂಪುಗಳು ನಿಲ್ಲಲಿಲ್ಲ. ಅವು ಅಮೆರಿಕ, ಯೂರೋಪಿನ ಒಂದೊಂದು ಕುಟುಂಬದ ಬಳಕೆಗೆಂದು ಮಾಡಿದ ನಮೂನೆಗಳು. ಇಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇಡೀ ಊರು ಒತ್ತುತ್ತಿತ್ತು. ಬಹುಪಾಲು ಕೆಟ್ಟು ನಿಂತವು. ಆಗ ಇದ್ದವುಗಳಲ್ಲಿ ಹೆಚ್ಚು ಗಟ್ಟಿಯಾದದ್ದು ಸೊಲ್ಲಾಪುರ ಪಂಪು. ಅದನ್ನು ರೂಪಿಸಿದವರು ಶಾಲೆ ಕಾಲೇಜಿನಲ್ಲಿ ಇದನ್ನು ಕಲಿಯದೆ ಸ್ವಂತ ಶ್ರಮದಿಂದ ಕಲಿತ ಒಬ್ಬ ಮೆಕ್ಯಾನಿಕ್. ಆ ನಮೂನೆಯನ್ನೇ ಆಧಾರವಾಗಿಟ್ಟುಕೊಂಡು 1970ರ ದಶಕದಲ್ಲಿ ಸರ್ಕಾರ, ಯುನಿಸೆಫ್ ಮತ್ತು ಮದರಾಸಿನ ಕಾರ್ಖಾನೆಯೊಂದು ಸೇರಿ ಇಂಡಿಯಾ ಮಾರ್ಕ್ 2 ತಯಾರಿಸಿದವು. ಸುಮಾರು 50 ಮೀಟರ್ ಆಳದಿಂದ ನೀರೆತ್ತುವ ಈ ಪಂಪು ಆಮೇಲೆ ಆಫ್ರಿಕಾದ ಹಲವು ದೇಶಗಳಿಗೂ ಹೋಯಿತು. ಕಲಬುರಗಿಯಿಂದ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಸೊಲ್ಲಾಪುರ. ಅಲ್ಲಿಯ ಒಬ್ಬ ಮೆಕ್ಯಾನಿಕ್ಕಿನ ಕೆಲಸ ನಮ್ಮ ಶಾಲೆಯ ಅಂಗಳದಲ್ಲಿ ನಿಂತಿದೆ. "ಎಲ್ಲಿಂದಲೋ ಬರುತ್ತದೆ, ಯಾರೋ ಮಾಡುತ್ತಾರೆ" ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುವುದಿಲ್ಲ.


ಅಂಗನವಾಡಿ ಅಕ್ಕ, ಹುಮನಾಬಾದ್

ನಮ್ಮ ಕೇಂದ್ರದಲ್ಲಿ ಇರುವವರು ಮೂರರಿಂದ ಆರು ವರ್ಷದವರು. ಅವರಿಗೆ ಇಂಥ ಪ್ರಶ್ನೆ ಕೇಳಿ ಫಲವಿಲ್ಲ, ಆಟ ನೋಡಬೇಕು. ಬೆಂಕಿಪೆಟ್ಟಿಗೆಯನ್ನು ಕಿವಿಗೆ ಹಿಡಿದು "ಹಲೋ, ನೆಟ್‌ವರ್ಕ್ ಇಲ್ಲ" ಎನ್ನುತ್ತಾರೆ. ನಾನು ಮಕ್ಕಳ ತೂಕ ನೋಡಿ ಮೊಬೈಲಿನಲ್ಲಿ ದಾಖಲಿಸುವುದನ್ನು ದಿನವೂ ಕಾಣುತ್ತಾರಲ್ಲ, ಒಬ್ಬ ಹುಡುಗ ಗೊಂಬೆಯನ್ನು ಇಟ್ಟಿಗೆಯ ಮೇಲೆ ಕೂರಿಸಿ ಬೆಂಕಿಪೆಟ್ಟಿಗೆಯ ಮೇಲೆ ಬೆರಳಾಡಿಸಿ "ಇವನು ಬೆಲ್ಲ ತಿನ್ನಬೇಕು" ಎಂದು ಹೇಳಿದ. ತೂಕದ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅವನಿಗೆ ಗೊತ್ತಿಲ್ಲ. ಅದು ಏತಕ್ಕೆ ಇದೆ ಎಂಬುದು ಚೆನ್ನಾಗಿ ಗೊತ್ತು. ಆ ವಯಸ್ಸಿಗೆ ಅಷ್ಟು ಸಾಕು ಎಂದು ನನ್ನ ಅಭಿಪ್ರಾಯ.


ಜೇವರ್ಗಿ ಹುಡುಗ

ಅಕ್ಕಾ, ಕೈಪಂಪಿನ ಪ್ರಸಂಗ ಓದಿದೆ. ಮೊಣಕೈ ಮಡಚಿ ನೋಡಿದ ಹುಡುಗನನ್ನು ಮರೆಯಲಾಗುತ್ತಿಲ್ಲ. ಆದರೂ ನನ್ನ ಪಟ್ಟು ಪೂರ್ತಿ ಬಿಡುವುದಿಲ್ಲ. ಚೈನು ಕಣ್ಣಿಗೆ ಕಾಣುತ್ತದೆ. ಫೋನಿನ ಮುಚ್ಚಳ ತೆಗೆದರೆ ಏನು ಕಾಣುತ್ತದೆ? ಹಸಿರು ಹಲಗೆ, ಕಪ್ಪು ಚುಕ್ಕೆಗಳು. ಶಹಾಪುರದ ತಂಗಿಯ "ಟವರಿನಲ್ಲಿ ಯಾರು ಕುಳಿತಿದ್ದಾರೆ" ಎಂಬ ಪ್ರಶ್ನೆಗೆ ಪಂಪು ಬಿಚ್ಚಿ ಉತ್ತರ ಸಿಗುವುದಿಲ್ಲ. ಇಂದಿನ ಮಗುವಿನ ಬದುಕನ್ನು ಆಳುವ ಯಂತ್ರ ಕಣ್ಣಿಗೆ ಕಾಣದ ಯಂತ್ರ. ಅದನ್ನು ಹೇಗೆ ಕಲಿಸುತ್ತೀರಿ?

ನನಗೆ ತೋಚಿದ ಒಂದು ದಾರಿ ಹೇಳುತ್ತೇನೆ. ಒಂದು ಮಗು ಫೋನು, ಒಂದು ಮಗು ಟವರು, ಒಂದು ಮಗು ದೂರದ ಊರಿನ ಕಂಪ್ಯೂಟರ್. ಪ್ರಶ್ನೆ ಬರೆದ ಚೀಟಿ ಕೈಯಿಂದ ಕೈಗೆ ಹೋಗಬೇಕು, ಉತ್ತರ ಅದೇ ದಾರಿಯಲ್ಲಿ ಮರಳಬೇಕು. ದೂರದ ಕಂಪ್ಯೂಟರಿನ ಮಗುವಿಗೆ ಮೊದಲೇ ಒಂದು ದೊಡ್ಡ ಪುಸ್ತಕ ಕೊಟ್ಟಿರಬೇಕು. ಅದರಲ್ಲಿ ಇರುವುದನ್ನಷ್ಟೇ ಹೇಳಬೇಕು, ಸ್ವಂತ ಮಾತು ಆಡಬಾರದು. ಪುಸ್ತಕದಲ್ಲಿಯೇ ತಪ್ಪಿದ್ದರೆ ಉತ್ತರವೂ ತಪ್ಪು. ಮಾತನಾಡುವ ಯಂತ್ರಗಳೆಲ್ಲ ಅಷ್ಟು ಸರಳವಲ್ಲ, ಗೊತ್ತು. ಆದರೆ ಒಳಗೆ ಅಕ್ಕ ಇಲ್ಲ, ಯಾರೋ ಮನುಷ್ಯರು ಬರೆದದ್ದನ್ನು ಆಧರಿಸಿ ಯಂತ್ರ ಹೇಳುತ್ತಿದೆ, ಅದು ತಪ್ಪಬಹುದು ಎಂಬ ಮೂರು ಸಂಗತಿ ಏಳೆಂಟು ವರ್ಷದ ಮಗುವಿಗೆ ಇದರಿಂದ ತಿಳಿಯುತ್ತದೆ.


ನಿವೃತ್ತ ಗುರು, ಆಳಂದ

ಚೀಟಿಯ ಆಟ ಬಹಳ ಚೆನ್ನಾಗಿದೆ ತಮ್ಮಾ. ಹಾಗೆಯೇ ಕಣ್ಣಿಗೆ ಕಾಣದ್ದು ಹೊಸ ಯಂತ್ರದಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡ. ನಮ್ಮ ಹಿರಿಯರ ಹಗೇವು ನೆನಪಿದೆಯೇ? ನೆಲದೊಳಗೆ ಕೊಡದಾಕಾರದ ಗುಂಡಿ ತೋಡಿ, ಸುತ್ತ ಜೋಳದ ಕಣಿಕೆಯೋ ಹುಲ್ಲೋ ಹೊಂದಿಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಒಳಗಿನ ಕಾಳೂ ಹುಳವೂ ಉಸಿರಾಡಿ ಆಮ್ಲಜನಕ ಮುಗಿಯುತ್ತ, ಇಂಗಾಲದ ಡೈ ಆಕ್ಸೈಡ್ ತುಂಬುತ್ತ ಹೋಗುತ್ತದೆ. ಹುಳ ಉಳಿಯುವುದಿಲ್ಲ, ಕಾಳು ಉಳಿಯುತ್ತದೆ. ಬಾಯಿ ತೆಗೆದ ಕೂಡಲೇ ಇಳಿದರೆ ಮನುಷ್ಯನೂ ಉಳಿಯುವುದಿಲ್ಲ. ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಉರಿಯುವ ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಇದನ್ನು ಯಾವ ಮಗುವಿನಿಂದಲೂ ಮಾಡಿಸಬೇಡಿ, ಕಥೆಯಾಗಿ ಹೇಳಿದರೆ ಸಾಕು.

ಇನ್ನು ಮಿಂಚು. ಅದನ್ನು ಮಕ್ಕಳು ಮೊಬೈಲಿನ ಪಕ್ಕಕ್ಕೆ ಇಟ್ಟದ್ದನ್ನು ಹಗುರವಾಗಿ ಬಿಡಬಾರದು. ನಮ್ಮ ಭಾಗದಲ್ಲಿ ಮುಂಗಾರಿನ ಮೊದಲ ಮಳೆಗಳಲ್ಲಿ ಸಿಡಿಲಿಗೆ ಜನ, ದನ ಎರಡೂ ಬಲಿಯಾಗುತ್ತವೆ. ಕರೆಂಟ್ ಪ್ರಕೃತಿಯಲ್ಲಿಯೂ ಇದೆ. ಮನುಷ್ಯ ಮಾಡಿದ್ದು ಅದನ್ನು ಕಟ್ಟಿಹಾಕುವ ತಂತಿ, ಸ್ವಿಚ್ಚು, ಸಿಡಿಲುವಾಹಕ. ಮಿಂಚಿನ ಚಿತ್ರವನ್ನೇ ಹಿಡಿದು ಮರದ ಕೆಳಗೆ ಏಕೆ ನಿಲ್ಲಬಾರದು ಎಂಬ ಪಾಠಕ್ಕೆ ಹೋಗು. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದಲೂ ಇದೆ, ಸಾಧ್ಯವಾದರೆ ಒಮ್ಮೆ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಿ.


ನೌಬಾದ್ ನಿವಾಸಿ, ಬೀದರ್

ಒಂದು ಪ್ರಶ್ನೆ ಉಳಿದಿದೆ. ಎತ್ತನ್ನು ಮಕ್ಕಳು ಬೇವಿನ ಮರದ ಕಡೆಗೆ ಹಾಕಿದರು. ಅದು ಸರಿಯೇ? ಎತ್ತು ಹುಟ್ಟುವುದು ಪ್ರಕೃತಿಯಿಂದ, ಆದರೆ ಹೋರಿಯನ್ನು ಪಳಗಿಸಿ, ನೊಗ ಹೂಡಿ ಎತ್ತು ಮಾಡುವವನು ಮನುಷ್ಯ.


ಕಾಗಿಣಾ ದಂಡೆ, ಚಿತ್ತಾಪುರ

ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದೆ, ದೊಡ್ಡ ವಾದವೇ ನಡೆಯಿತು. "ಎತ್ತು ತಾನೇ ಮೇಯುತ್ತದೆ, ಯಂತ್ರ ಮೇಯುವುದಿಲ್ಲ" ಎಂದು ಒಬ್ಬ. "ಟ್ರ್ಯಾಕ್ಟರ್ ಡೀಸೆಲ್ ಕುಡಿಯುವುದಿಲ್ಲವೇ?" ಎಂದು ಇನ್ನೊಬ್ಬ. ನಮ್ಮ ಹಿಂಗಾರಿಯ ಮಾಲದಂಡಿ ಜೋಳವನ್ನೂ ಮಧ್ಯೆ ತಂದೆ. ಸೊಲ್ಲಾಪುರ ಜಿಲ್ಲೆಯ ಮೊಹೋಳದ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಊರ ಜೋಳದಿಂದಲೇ ಆರಿಸಿ ತೆಗೆದ ತಳಿ ಅದು. ಬೆಳೆಯುವುದು ತಾನಾಗಿ, ಆರಿಸಿದ್ದು ಮನುಷ್ಯ. ಎತ್ತು ಬೇವಿನ ಮರದ ಪಕ್ಕದಿಂದ ಎದ್ದು ಬಂದು ಎರಡು ಗುಂಪಿನ ಮಧ್ಯದಲ್ಲಿ ನಿಂತಿತು, ನೊಗ ಮಾತ್ರ ತಂತ್ರಜ್ಞಾನದ ಕಡೆಗೆ ಹೋಯಿತು. ನಾನು ತೀರ್ಪು ಕೊಡಲಿಲ್ಲ. ಮಧ್ಯದಲ್ಲಿ ಒಂದು ಜಾಗ ಇದೆ ಎಂದು ಅವರೇ ಕಂಡುಕೊಂಡರಲ್ಲ, ಅದು ನನಗೆ ಸಂತೋಷ.


ಶಹಾಪುರದ ತಾಯಿ

ನಮ್ಮ ಮನೆಯ ಸುದ್ದಿ. ಓಣಿಯಲ್ಲಿ ರೊಟ್ಟಿ ಮಾಡುವ ಯಂತ್ರ ತಂದಿದ್ದಾರೆ, ಮಗಳು ನೋಡಿಕೊಂಡು ಬಂದಳು. ಮನೆಗೆ ಬಂದು ಅಜ್ಜಿ ರೊಟ್ಟಿ ಬಡಿಯುವುದನ್ನು ಬಿಡದೆ ನೋಡಿದಳು. "ಅಜ್ಜಿ, ಹಿಟ್ಟಿಗೆ ಬಿಸಿನೀರು ಏಕೆ?" ಎಂದಳು. "ಜೋಳದ ಹಿಟ್ಟು ಗೋಧಿಯ ಹಾಗೆ ಜಿಗುಟಾಗುವುದಿಲ್ಲ, ಬಿಸಿನೀರು ಹಾಕಿದರೆ ಹಿಡಿದುಕೊಳ್ಳುತ್ತದೆ, ಇಲ್ಲದಿದ್ದರೆ ಅಂಚು ಸೀಳುತ್ತದೆ" ಎಂದರು ಅತ್ತೆ. "ಇದು ನಿನಗೆ ಯಾರು ಹೇಳಿದರು?" "ನಮ್ಮ ಅವ್ವ." "ಅವಳಿಗೆ?" ಹೀಗೆ ಹಿಂದೆ ಹಿಂದೆ ಕೇಳುತ್ತ ಹೋದಳು. ಬೀಸುವ ಕಲ್ಲಿನ ಒಳಮೈಗೆ ಕಚ್ಚು ಏಕೆ ಹಾಕಿದ್ದಾರೆ ಎಂದೂ ಕೇಳಿದಳು. ನುಣ್ಣಗಾದರೆ ಕಾಳು ಒಡೆಯುವುದಿಲ್ಲ ಎಂದು, ಹಿಂದೆ ಕಲ್ಲಿಗೆ ಕಚ್ಚು ಹಾಕಲು ಓಣಿಗೆ ಬರುತ್ತಿದ್ದ ಹೆಂಗಸರ ವಿಷಯ ಅತ್ತೆ ಹೇಳಿದರು. ಅವರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಈಚೆಗೆ ನೋಡಿರಲಿಲ್ಲ. ಮೊಮ್ಮಗಳು ತನ್ನನ್ನು ಏನಾದರೂ ಕೇಳುತ್ತಾಳೆ ಎಂದೇ ಅವರು ಎಣಿಸಿರಲಿಲ್ಲ.


ಕಾಗಿಣಾ ದಂಡೆ, ಚಿತ್ತಾಪುರ

ಅಕ್ಕಾ, ಓದಿ ಮನಸ್ಸು ತುಂಬಿತು. ಈಗ ನನಗೆ ಒಂದು ಸಹಾಯ ಬೇಕು. ಬರುವ ಸಂಭ್ರಮ ಶನಿವಾರ ಮಕ್ಕಳು ಬ್ಯಾಗ್ ಇಲ್ಲದೆ ಬರುತ್ತಾರೆ. ಅಂದು ಅಂಗಳಕ್ಕೆ ಒಂದು ನಿಜವಾದ ಕೂರಿಗೆ ತರಿಸಬೇಕೆಂದಿದ್ದೇನೆ. ಬಟ್ಟಲಿಗೆ ಹಾಕಿದ ಕಾಳು ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲಿಗೆ ಸಮನಾಗಿ ಬೀಳುವುದನ್ನು ಮಕ್ಕಳು ತಮ್ಮ ಕೈಯಿಂದಲೇ ಮಾಡಿ ನೋಡಲಿ. ನಮ್ಮ ಊರಿನಲ್ಲಿ ಈಗ ಎಲ್ಲರೂ ಟ್ರ್ಯಾಕ್ಟರಿನ ಕೂರಿಗೆಯವರೇ, ಮರದ್ದು ಸಿಗುತ್ತಿಲ್ಲ. ಮಾಡಿದ ಬಡಿಗರು ಯಾರಾದರೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಕಿತ್ತುಹೋದ ಒಂದೆರಡು ಫೋನುಗಳೂ ಬೇಕು, ಬ್ಯಾಟರಿ ತೆಗೆದು ಕೊಡಿ. ಉಬ್ಬಿದ ಬ್ಯಾಟರಿ ಇರುವ ಫೋನು ಮಾತ್ರ ಬೇಡ.


ಜೇವರ್ಗಿ ಹುಡುಗ

ನಮ್ಮ ದೊಡ್ಡಪ್ಪನ ಅಟ್ಟದ ಮೇಲೆ ನಾಲ್ಕು ತಾಳಿನ ಕೂರಿಗೆ ಇದೆ ಅಕ್ಕಾ, ಒಂದು ಕೊಳವೆ ಸೀಳಿದೆ ಅಷ್ಟೇ. ದೊಡ್ಡಪ್ಪನ ಹತ್ತಿರ ಮಾತಾಡಿದೆ, ಟಂಟಂನಲ್ಲಿ ಹಾಕಿಸಿ ಶುಕ್ರವಾರ ಸಂಜೆಯೇ ಕಳಿಸುತ್ತಾರೆ. ಸೀಳಿದ ಕೊಳವೆಯನ್ನು ಸರಿ ಮಾಡಿಸಬೇಡಿ, ಮಕ್ಕಳಿಗೇ ಬಿಡಿ. ನಾನೂ ಶನಿವಾರ ಊರಿಗೆ ಬರುತ್ತಿದ್ದೇನೆ, ನನ್ನ ಹಳೆಯ ಲ್ಯಾಪ್‌ಟಾಪ್ ಮತ್ತು ಸ್ಕ್ರೂಡ್ರೈವರ್ ತರುತ್ತೇನೆ. ಶಾಲೆ ಎಷ್ಟು ಗಂಟೆಗೆ ತೆರೆಯುತ್ತದೆ?


ಕಾಗಿಣಾ ದಂಡೆ, ಚಿತ್ತಾಪುರ

ಶನಿವಾರ ಬೆಳಗಿನ ಶಾಲೆ, ಎಂಟಕ್ಕೆ ಪ್ರಾರ್ಥನೆ. ಏಳೂವರೆಗೆ ಬಾ ತಮ್ಮಾ, ಮಕ್ಕಳಿಗಾಗಿ ಉಪ್ಪಿಟ್ಟು ಮಾಡಿಸುತ್ತಿದ್ದೇವೆ, ನೀನೂ ತಿನ್ನು.